ಫೋಲ್ಡಿಂಗ್ ಕ್ಯಾಮೆರಾ ತಗೊಳ್ಳೋದಾ, ಟ್ವಿನ್ ಲೆನ್ಸಾ?
120 ಫಿಲ್ಮಿನ (ಅಗಲವಾದ ರೋಲ್ ಫಿಲ್ಮ್) ಹಳೇ ಕ್ಯಾಮೆರಾ ಹುಡುಕುತ್ತಿರುವವರಿಗೆ: ಜನರ ಮುಖದ ಚಿತ್ರ ತೆಗೆಯೋದೇ ಹೆಚ್ಚು ಅಂದರೆ ಯಾಶಿಕಾ ಮ್ಯಾಟ್‌ನಂಥ ಟ್ವಿನ್ ಲೆನ್ಸ್ (ಒಂದರ ಮೇಲೊಂದು ಎರಡು ಲೆನ್ಸ್ ಇರೋದು) ತಗೊಳ್ಳಿ. ಫೋಕಸ್ ಗಾಜಿನ ಮೇಲೆ ಕಣ್ಣಿಗೇ ಕಾಣುತ್ತೆ, ಎಡ-ಬಲ ಮಾತ್ರ ಅದಲುಬದಲು. ಹತ್ತಿರದಿಂದ ತೆಗೆಯುವಾಗ ತಲೆ ಮೇಲೆ ಸ್ವಲ್ಪ ಹೆಚ್ಚು ಜಾಗ ಬಿಡಿ. ಯಾಕಂದ್ರೆ ನಾವು ನೋಡೋದು ಮೇಲಿನ ಲೆನ್ಸಿಂದ, ಫಿಲ್ಮಿಗೆ ಬೆಳಕು ಬೀಳೋದು ಕೆಳಗಿನ ಲೆನ್ಸಿಂದ.

ಬೆಟ್ಟ ಹತ್ತೋರಿಗೆ ಮಡಚಿಡಬಹುದಾದ ಫೋಲ್ಡಿಂಗೇ ಸರಿ. ಕೊಳ್ಳುವ ಮುಂಚೆ ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್ (ಲೆನ್ಸಿಗೂ ಕ್ಯಾಮೆರಾ ಒಡಲಿಗೂ ನಡುವಿನ ಮಡಿಕೆ ಚೀಲ) ಒಳಗೆ ಟಾರ್ಚ್ ಬಿಟ್ಟು ಮಡಿಕೆಯ ಮೂಲೆಗಳನ್ನು ಹೊರಗಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಬೇಡ. ಆಗ್ಫಾ ಐಸೊಲೆಟ್ ಅನ್ನೋ ಫೋಲ್ಡಿಂಗ್ ಕ್ಯಾಮೆರಾದಲ್ಲಿ ಇದು ಮಾಮೂಲು. ಅದರ ಫೋಕಸ್ ರಿಂಗಿನ ಗ್ರೀಸೂ ಅಂಟಾಗಿ ಹಿಡಿದಿರುತ್ತೆ. ಬಲವಂತವಾಗಿ ತಿರುಗಿಸಿದರೆ ಮುಂದಿನ ಗಾಜಿನ ಬೆನ್ನಿಗಿರುವ ಎರಡನೇ ಗಾಜೂ ಜೊತೆಗೇ ತಿರುಗಿ ಫೋಕಸ್ ಕೆಡುತ್ತೆ.

ಇನ್ನೊಂದು: ಫೋಲ್ಡಿಂಗ್ ಕ್ಯಾಮೆರಾದ ಮಡಿಸಿದ ಮುಂಭಾಗ ಬಿಚ್ಚಿದ ಮೇಲೇ ಮುಂದಿನ ಚಿತ್ರಕ್ಕೆ ಫಿಲ್ಮ್ ಸುತ್ತಿ. ಮೊದಲೇ ಸುತ್ತಿಟ್ಟು ಪಟ್ಟನೆ ಬಿಚ್ಚಿದರೆ ಗಾಳಿಯ ಎಳೆತಕ್ಕೆ ಫಿಲ್ಮ್ ಉಬ್ಬಿ ಚಿತ್ರ ಮಸುಕಾಗುತ್ತೆ.