ಇಂಗ್ಲೆಂಡಿನಲ್ಲಿ ಜಾರಿ ಬಿದ್ದರೆ ಪರಿಹಾರ ಕೇಳುವುದು ಹೇಗೆ?

ಸೂಪರ್‌ಮಾರ್ಕೆಟ್‌ನಲ್ಲಿ ನೆಲದ ಮೇಲೆ ಮೊಸರು ಚೆಲ್ಲಿತ್ತು, ಜಾರಿ ಬಿದ್ದು ಕೈ ಮುರಿಯಿತು ಅಂತಿಟ್ಟುಕೊಳ್ಳಿ. ಅಂಗಡಿಯವರು ದುಡ್ಡು ಕೊಡಲೇಬೇಕು ಅನ್ನಿಸುವುದು ಸಹಜ. ಇಂಗ್ಲೆಂಡಿನ ಕೋರ್ಟು ಅಷ್ಟಕ್ಕೇ ಒಪ್ಪುವುದಿಲ್ಲ. ಅಲ್ಲಿ ನೆಗ್ಲಿಜೆನ್ಸ್ (ಅಂದರೆ ನಿರ್ಲಕ್ಷ್ಯದ) ದಾವೆ ಗೆಲ್ಲಬೇಕಾದರೆ ಎದುರಿನವರಿಗೆ ಎಚ್ಚರ ವಹಿಸುವ ಹೊಣೆ ಇತ್ತು, ಅವರು ತಪ್ಪಿದರು, ಆ ತಪ್ಪಿನಿಂದಲೇ ನಿಮಗೆ ಪೆಟ್ಟಾಯಿತು ಅಂತ ನೀವು ತೋರಿಸಬೇಕು. ಓದಲೋ ಕೆಲಸಕ್ಕೋ ಅಲ್ಲಿಗೆ ಹೋಗಿರುವವರು ಈ ದಾರಿಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಮೊದಲು, ಬಿದ್ದ ದಿನವೇ ಮಾಡಬೇಕಾದ್ದು

ನೆಲದ ಫೋಟೊ ತೆಗೆಯಿರಿ. ಒರೆಸಿದ ಮೇಲೆ ಏನೂ ಉಳಿಯುವುದಿಲ್ಲ. ಎಚ್ಚರಿಕೆಯ ಹಳದಿ ಬೋರ್ಡ್ ಇತ್ತೇ, ಇಲ್ಲವೇ ಅನ್ನುವುದೂ ಫೋಟೊದಲ್ಲಿ ಕಾಣಲಿ. ಅಂಗಡಿಯ ಆಕ್ಸಿಡೆಂಟ್ ಬುಕ್‌ನಲ್ಲಿ ಬರೆಸಿ. ನೋಡಿದವರ ಫೋನ್ ನಂಬರ್ ಕೇಳಿಕೊಳ್ಳಿ. ನೀವಿರುವ ಸಿಸಿಟಿವಿ ದೃಶ್ಯ ಕೇಳುವ ಹಕ್ಕು ನಿಮಗಿದೆ, ಸಾಮಾನ್ಯವಾಗಿ ಶುಲ್ಕವಿಲ್ಲ. ಅದು ಅಳಿಸಿಹೋಗುವ ಮೊದಲೇ ಇಮೇಲ್ ಹಾಕಿ. ಡಾಕ್ಟರ ಹತ್ತಿರವೂ ಹೋಗಿ. ನೋವು ತಾನಾಗಿಯೇ ಹೋಗುತ್ತೆ ಅಂತ ಸುಮ್ನೆ ಕೂತರೆ ದಾಖಲೆಯಲ್ಲಿ ನಿಮ್ಮ ನೋವೇ ಇರುವುದಿಲ್ಲ.

ಎರಡನೆಯದು, ಹೊಣೆ

ಇಲ್ಲಿ ಎಲ್ಲರೂ ಬಸವನಹುಳುವಿನ ಕಥೆ ಹೇಳುತ್ತಾರೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಮೇ ಡೊನೊಹ್ಯೂ ಎಂಬಾಕೆ ಜಿಂಜರ್ ಬಿಯರ್ ಕುಡಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು ಅಂತ ತಯಾರಕರ ಮೇಲೆ ಕೇಸು ಹಾಕಿದರು. ಬಾಟಲಿ ಕೊಂಡಿದ್ದು ಆಕೆಯ ಸ್ನೇಹಿತೆ, ಹಾಗಾಗಿ ತಯಾರಕರೊಂದಿಗೆ ಆಕೆಗೆ ಯಾವ ಒಪ್ಪಂದವೂ ಇರಲಿಲ್ಲ. ಆದರೂ ಹೊಣೆ ಇದೆ ಅಂತ 1932ರಲ್ಲಿ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಹೇಳಿತು, ಅದೂ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಹುಳು ನಿಜಕ್ಕೂ ಇತ್ತೇ ಅನ್ನುವುದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ! ನಿಮಗೆ ಇಲ್ಲಿ ಜಾಸ್ತಿ ತಲೆನೋವಿಲ್ಲ. ಚಾಲಕ, ಮಾಲೀಕ, ಡಾಕ್ಟರ್, ಅಂಗಡಿಯವರು, ಇವರ ಹೊಣೆ ಎಂದೋ ಇತ್ಯರ್ಥವಾಗಿದೆ.

ಮೂರನೆಯದು, ತಪ್ಪು

ಸಾಮಾನ್ಯ ಎಚ್ಚರ ಇರುವ ಮನುಷ್ಯ ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದ ಅನ್ನುವುದೇ ಅಳತೆ. ಕಾರು ಕಲಿಯುತ್ತಿದ್ದೇನೆ ಅನ್ನುವುದು ನೆಪವಾಗದು, ಕಲಿಯುವವರಿಗೂ ಅನುಭವಿ ಚಾಲಕರ ಅಳತೆಯೇ ಅಂತ 1971ರಲ್ಲಿ ತೀರ್ಮಾನವಾಗಿದೆ. ಇನ್ನೊಂದೆಡೆ, ಮೈದಾನದಾಚೆ ಹಾರಿದ ಕ್ರಿಕೆಟ್ ಚೆಂಡು ರಸ್ತೆಯಲ್ಲಿದ್ದ ಮಹಿಳೆಗೆ ಬಡಿದಾಗ ಕ್ಲಬ್ಬಿನವರು 1951ರಲ್ಲಿ ಗೆದ್ದರು. ಮೂವತ್ತು ವರ್ಷದಲ್ಲಿ ಸುಮಾರು ಆರು ಸಲವಷ್ಟೇ ಚೆಂಡು ಆಚೆ ಹೋಗಿತ್ತು.

ಜಾರಿ ಬಿದ್ದವರಿಗೆ ಹತ್ತಿರದ ಕೇಸು ಲಿವರ್‌ಪೂಲ್‌ನದು. ಟೆಸ್ಕೊ ಅಂಗಡಿಯಲ್ಲಿ ಚೆಲ್ಲಿದ್ದ ಮೊಸರಿನ ಮೇಲೆ ಕಾಲಿಟ್ಟು ಒಬ್ಬಾಕೆ ಬಿದ್ದರು. ಕೆಲವು ವಾರಗಳ ನಂತರ ಅಲ್ಲಿಗೇ ಹೋದಾಗ ಕಿತ್ತಳೆ ಪಾನೀಯ ಚೆಲ್ಲಿತ್ತು. ಆಕೆ ಕಾಲು ಗಂಟೆ ನಿಂತು ನೋಡಿದರು, ಒರೆಸಲು ಯಾರೂ ಬರಲಿಲ್ಲ. ಎಂಥ ತಾಳ್ಮೆ ಅಲ್ವಾ! ಮೊಸರು ಎಷ್ಟು ಹೊತ್ತಿನಿಂದ ಅಲ್ಲಿತ್ತು ಅಂತ ಆಕೆ ತೋರಿಸಲಾಗಲಿಲ್ಲ. ಆದರೂ 1976ರಲ್ಲಿ ಮೇಲ್ಮನವಿ ಕೋರ್ಟು ಆಕೆಯ ಪರ ನಿಂತಿತು: ಇಂಥದ್ದು ಹೇಗಾಯಿತು ಅಂತ ವಿವರಿಸಬೇಕಾದವರು ಅಂಗಡಿಯವರೇ. ಆದ್ದರಿಂದ ಅಂಗಡಿಯವರಿಗೆ ಬರೆಯುವ ಪತ್ರದಲ್ಲಿ ನೆಲ ಒರೆಸಿದ ವೇಳಾಪಟ್ಟಿಯ ಪ್ರತಿ ಕೇಳಲು ಮರೆಯಬೇಡಿ.

ನಾಲ್ಕನೆಯದು, ತಪ್ಪಿಗೂ ಪೆಟ್ಟಿಗೂ ನಂಟು

ನನ್ನ ಮಟ್ಟಿಗೆ ಇದೇ ಕಷ್ಟದ ಮೆಟ್ಟಿಲು. 1966ರ ಹೊಸ ವರ್ಷದ ಬೆಳಗಿನ ಜಾವ ಲಂಡನ್‌ನಲ್ಲಿ ಮೂವರು ರಾತ್ರಿ ಕಾವಲುಗಾರರು ಚಹಾ ಕುಡಿದು ವಾಂತಿ ಮಾಡುತ್ತಾ ಆಸ್ಪತ್ರೆಗೆ ಬಂದರು. ನರ್ಸ್ ಫೋನ್ ಮಾಡಿದಾಗ ಡಾಕ್ಟರು, ಮನೆಗೆ ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ ಅಂತ ಹೇಳಿಸಿದರು, ಬಂದು ನೋಡಲಿಲ್ಲ. ಕೆಲವು ಗಂಟೆಗಳಲ್ಲಿ ಒಬ್ಬರು ತೀರಿಕೊಂಡರು. ಚಹಾದಲ್ಲಿ ಆರ್ಸೆನಿಕ್ ಸೇರಿತ್ತು. ಡಾಕ್ಟರು ತಪ್ಪಿದರು ಅಂತ ಕೋರ್ಟು ಒಪ್ಪಿತು. ಆದರೆ ನೋಡಿದ್ದರೂ ಆತ ಉಳಿಯುವ ಸಂಭವ ಇರಲಿಲ್ಲ ಅಂತ ಆತನ ಹೆಂಡತಿಯ ದಾವೆ ಬಿದ್ದುಹೋಯಿತು. ನಿಮಗೆ ಮೊದಲೇ ಬೆನ್ನುನೋವು ಇದ್ದರೆ ಸಾಲಿಸಿಟರ್ (ನಿಮ್ಮ ಕೇಸು ನಡೆಸುವ ವಕೀಲರು) ಹತ್ತಿರ ಮುಚ್ಚಿಡಬೇಡಿ. ಎದುರು ಪಕ್ಷದವರು ಮೊದಲು ಹುಡುಕುವುದು ಅದನ್ನೇ.

ದುಡ್ಡು ಮತ್ತು ಗಡುವು

ತಪ್ಪಿನಲ್ಲಿ ನಿಮ್ಮದೂ ಪಾಲಿದ್ದರೆ ಪರಿಹಾರದಲ್ಲಿ ಅಷ್ಟು ಕಡಿತವಾಗುತ್ತದೆ. ಉದಾಹರಣೆಗೆ ಅಪಘಾತದಲ್ಲಿ ಸೀಟ್ ಬೆಲ್ಟ್ ಇದ್ದಿದ್ದರೆ ಗಾಯವೇ ಆಗುತ್ತಿರಲಿಲ್ಲ ಅಂತಾದರೆ ಸಾಮಾನ್ಯವಾಗಿ ಶೇ 25. ‘ಗೆಲ್ಲದಿದ್ದರೆ ಫೀಸಿಲ್ಲ’ ಅನ್ನುವ ಸಾಲಿಸಿಟರ್‌ಗಳು ಗೆದ್ದಾಗ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಸಹಿ ಹಾಕುವ ಮೊದಲು ಎಷ್ಟು ಅಂತ ಕೇಳಿ.

ದೈಹಿಕ ಗಾಯಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ, ಮಕ್ಕಳಿಗಾದರೆ 21 ತುಂಬುವವರೆಗೆ. ಕೋರ್ಸ್ ಮುಗಿಸಿ ಊರಿಗೆ ವಾಪಸು ಬಂದರೂ ಈ ಗಡುವು ನಿಲ್ಲುವುದಿಲ್ಲ, ಹಾಗಾಗಿ ವಿಮಾನ ಹತ್ತುವ ಮೊದಲೇ ಸಾಲಿಸಿಟರ್‌ಗೆ ದಾಖಲೆಗಳನ್ನು ಕೊಟ್ಟು ಬನ್ನಿ.