ಬಿಸಿಲೇರುವ ಮುಂಚೆ ಕೋಳಿಮರಿಯ ಮೇವು ತೆಗೆಯಿರಿ

ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಶೆಡ್‌ನಲ್ಲಿ ಸತ್ತುಬಿದ್ದ ಕೋಳಿಯ ಕುತ್ತಿಗೆಯ ಬುಡ ಮುಟ್ಟಿ ನೋಡಿ. ತಿಂದ ಕಾಳು ಮೊದಲು ಸೇರುವ ಚೀಲ ತುಂಬಿಕೊಂಡೇ ಇರಬಹುದು. ಚೆನ್ನಾಗಿ ತಿಂದು ತೂಕ ಬಂದ ಕೋಳಿಯೇ ಹೆಚ್ಚಾಗಿ ಮೊದಲು ಹೋಗುವುದು.

ತಿಂದದ್ದನ್ನು ಅರಗಿಸುವಾಗ ಮೈಯಲ್ಲಿ ಶಾಖ ಹುಟ್ಟುತ್ತದೆ. ಕೋಳಿಗೆ ಬೆವರೋದು ಗೊತ್ತಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಆ ಶಾಖ ಕಳೆಯಬೇಕು. ಹೊರಗೆ ಬಿಸಿಲು, ಒಳಗೆ ಮೇವಿನ ಬಿಸಿ. ಎರಡೂ ಒಂದೇ ಹೊತ್ತಿಗೆ ಸೇರಿದರೆ ಮರಿ ತಡೆಯುವುದಿಲ್ಲ.

ಮೊದಲು ಮರಿಯ ವಯಸ್ಸು ನೋಡಿ. ಮೊದಲ ವಾರ ಮರಿಗೆ 32ರಿಂದ 35 ಡಿಗ್ರಿ ಶಾಖ ಬೇಕೇ ಬೇಕು. ಆಗ ಮೇವು ತಪ್ಪಿಸಬೇಡಿ. ಬಾಕ್ಸ್‌ನಿಂದ ಇಳಿಸಿದ ಕೂಡಲೇ ನೀರು ಕುಡಿಸಿ, ಆಮೇಲೆ ಮೇವು ಹಾಕಿ. 4ರಿಂದ 6ನೇ ದಿನದವರೆಗೆ ಮೇವು ಕಡಿತ ಮಾಡಿದ ಮರಿಗಳು ದೊಡ್ಡವಾದಾಗ ಬಿಸಿಲನ್ನು ಚೆನ್ನಾಗಿ ತಾಳಿದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಮನೆಯ ಶೆಡ್‌ನಲ್ಲಿ ಇದನ್ನು ಮಾಡಿ ಅಂತ ನಾನಂತೂ ಹೇಳಲಾರೆ. ಮೇವು ಇಟ್ಟಾಗ ನೂಕಾಟದಲ್ಲಿ ಸೊರಗಿದ ಮರಿಯೇ ಹಿಂದೆ ಬೀಳುತ್ತದೆ.

ಮೂರು ವಾರ ದಾಟಿ ಪುಕ್ಕ ಬಂದ ಮೇಲೆ ಲೆಕ್ಕ ಉಲ್ಟಾ. ತಿಂದ ಮೂರ್ನಾಲ್ಕು ಗಂಟೆಯ ನಂತರ ಒಳಗಿನ ಶಾಖ ಜಾಸ್ತಿಯಾಗುತ್ತದೆ. ಹತ್ತಕ್ಕೆ ತಿಂದರೆ ಎರಡು ಗಂಟೆಯ ಬಿಸಿಲಿಗೇ ಸರಿಯಾಗಿ ಸಿಕ್ಕಿಬೀಳುತ್ತದೆ, ಅಲ್ವಾ? ಹಾಗಾಗಿ ಬೆಳಗಿನ ಜಾವವೇ ಹೊಟ್ಟೆ ತುಂಬಾ ಹಾಕಿ, 9 ಗಂಟೆ ಹೊತ್ತಿಗೆ ಫೀಡರ್ ಮೇಲೆತ್ತಿ. ಸಂಜೆ 5ರ ನಂತರ ಇಳಿಸಿ. ರಾತ್ರಿ ಒಂದೆರಡು ಗಂಟೆ ಲೈಟ್ ಹಾಕಿದರೆ ತಪ್ಪಿದ ಮೇವನ್ನು ತಂಪಿನಲ್ಲಿ ತಿಂದುಕೊಳ್ಳುತ್ತವೆ. ಮೇವು ನೆನೆಸಿ ಕೊಟ್ಟರೆ ಚೆನ್ನಾಗಿ ತಿನ್ನುತ್ತವೆ, ನಿಜ. ಆದರೆ ಉಳಿದದ್ದನ್ನು ಆಗಲೇ ಎತ್ತಿಬಿಡಿ, ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ.

ನೀರನ್ನು ಮಾತ್ರ ಯಾವಾಗಲೂ ತೆಗೆಯಬೇಡಿ. ತಂಪಿನ ದಿನ ತಿಂದದ್ದರ ಎರಡು ಪಟ್ಟು ನೀರು ಕುಡಿಯುವ ಕೋಳಿ ಬಿಸಿಲಿಗೆ ನಾಲ್ಕು ಪಟ್ಟಿಗೂ ಮೀರಿ ಕುಡಿಯುತ್ತದೆ. ಸಿಂಟೆಕ್ಸ್ ಟ್ಯಾಂಕ್ ಬಿಸಿಲಲ್ಲಿದ್ದರೆ ನೀರು ಕಾದು ಕೋಳಿ ಬಾಯಿ ಹಾಕುವುದಿಲ್ಲ. ಟ್ಯಾಂಕ್‌ಗೂ ಪೈಪಿಗೂ ಗೋಣಿಚೀಲ ಸುತ್ತಿ ಒದ್ದೆ ಮಾಡಿ.

ಏದುಸಿರು ಬಿಟ್ಟಷ್ಟೂ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತದ ಕ್ಷಾರ ಏರುಪೇರಾಗುತ್ತದೆ. ಇದಕ್ಕೆ ಒಂದು ಕೆಜಿ ಮೇವಿಗೆ 2ರಿಂದ 3 ಗ್ರಾಂ ಅಡುಗೆ ಸೋಡಾ ಬೆರೆಸುವುದುಂಟು. ನೀರಿಗೆ ಎಲೆಕ್ಟ್ರೊಲೈಟ್ (ಲವಣಗಳ) ಪುಡಿ ಹಾಕುತ್ತಿದ್ದರೆ ಸೋಡಾ ಬೇಡ, ಸೋಡಿಯಂ ಜಾಸ್ತಿಯಾಗುತ್ತದೆ. ವಿಟಮಿನ್ ಸಿ ಕೋಳಿಯ ಮೈಯಲ್ಲೇ ತಯಾರಾಗುತ್ತದೆ, ಆದರೆ ಬೇಸಿಗೆಯಲ್ಲಿ ಸಾಲದು. ಕೆಜಿ ಮೇವಿಗೆ 200ರಿಂದ 250 ಮಿಲಿಗ್ರಾಂ ಸಾಕು. ನೀರಿಗೆ ಹಾಕುವುದಾದರೆ ಅಂದಂದೇ ಕದಡಿ, ಇಟ್ಟರೆ ಕೆಡುತ್ತದೆ.

ಕೋಳಿ ಕಡಿಮೆ ತಿನ್ನುತ್ತಿದೆ ಅಂತ ಸೋಯಾ ಹಿಂಡಿ ಸುರಿಯಬೇಡಿ. ಪ್ರೋಟೀನ್ ಅರಗಿಸುವಾಗಲೇ ಶಾಖ ಜಾಸ್ತಿ, ಎಣ್ಣೆಗೆ ಕಡಿಮೆ. ಹಾಗಾಗಿ ಮೆಕ್ಕೆಜೋಳ ಸ್ವಲ್ಪ ತಗ್ಗಿಸಿ ನೂರಕ್ಕೆ ಎರಡು ಪಾಲು ಎಣ್ಣೆ ಸೇರಿಸಿ. ಸೋಯಾ ಇಳಿಸಿದರೆ ಪ್ರೋಟೀನಿನಲ್ಲಿರುವ ಅಗತ್ಯ ಅಂಶಗಳಾದ ಲೈಸಿನ್, ಮೆಥಿಯೋನಿನ್ ತಗ್ಗದಂತೆ ನೋಡಿಕೊಳ್ಳಿ. ಎಣ್ಣೆ ಹಳಸಿರಬಾರದು, ಅಷ್ಟೇ.

ಫೀಡ್ ಚೀಲದ ಚೀಟಿಯನ್ನೂ ಓದಿ. ರಕ್ತಭೇದಿ ತಡೆಯಲು ಬೆರೆಸುವ ನಿಕಾರ್ಬಜಿನ್ ಔಷಧಿ ಇದ್ದರೆ ಬಿರುಬೇಸಿಗೆಯಲ್ಲಿ ಸಾವು ಹೆಚ್ಚುತ್ತದೆ. ಬದಲಿ ಯಾವುದು ಅಂತ ಪಶುವೈದ್ಯರನ್ನು ಕೇಳಿಯೇ ಮುಂದಿನ ಲೋಡ್ ತರಿಸಿ.