ಕೊಳ್ಳುವ ಮೊದಲು ಕೈಗೆ ಹಾಕಿ ನೋಡಿ: ವಾಚ್ ಬೂಟೀಕಿನಲ್ಲಿ ನನ್ನ ಅನುಭವ

ದುಬಾರಿ ಮೆಕ್ಯಾನಿಕಲ್ ವಾಚಿನ ಹುಚ್ಚು ಹಿಡಿದವರೆಲ್ಲ ಮಾಡುವುದು ಒಂದೇ ಕೆಲಸ. ಮಲಗುವ ಮುಂಚೆ ಫೋನಿನಲ್ಲಿ ಫೋಟೋ ನೋಡುವುದು. ವ್ಯಾಸ ಎಷ್ಟು, ದಪ್ಪ ಎಷ್ಟು, ಒಳಗೆ ಯಾವ ಮೂವ್‌ಮೆಂಟ್ (ವಾಚು ಓಡಿಸುವ ಯಂತ್ರ) ಅಂತ ಬಾಯಿಪಾಠ ಮಾಡುವುದು. ನನ್ನದೂ ಅದೇ ಕಥೆ. ಬೂಟೀಕಿಗೆ, ಅಂದರೆ ದುಬಾರಿ ವಾಚು ಮಾರುವ ಅಂಗಡಿಗೆ, ಹೋಗಿ ಹೊಸ ವಾಚುಗಳನ್ನು ಕೈಗೆ ಹಾಕಿಕೊಂಡು ನೋಡಲು ಶುರು ಮಾಡಿದ ಮೇಲೆ, ಆ ಅಂಕಿಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು, ಯಾವುದನ್ನು ಸುಮ್ನೆ ಬಿಟ್ಟುಬಿಡಬೇಕು ಅನ್ನುವುದು ತಿಳಿಯಿತು. ಕೊಳ್ಳುವುದು ಬಿಡುವುದು ಆಮೇಲಿನ ಮಾತು, ಮೊದಲು ಸರಿಯಾಗಿ ನೋಡಬೇಕಲ್ವಾ.

ಹೋಗುವ ಮುಂಚೆ ಮಾಡಬೇಕಾದ್ದು ಜಾಸ್ತಿ ಇಲ್ಲ. ಒಂದು ಕಾಗದದ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ ಅಳತೆ ತೆಗೆದುಕೊಳ್ಳಿ. ನನ್ನದು 16.5 ಸೆಂ.ಮೀ. ಅದಕ್ಕಿಂತ ಮುಖ್ಯ, ಮಣಿಕಟ್ಟಿನ ಮೇಲ್ಭಾಗದಲ್ಲಿ ಚಪ್ಪಟೆ ಜಾಗ ಎಷ್ಟು ಅಗಲ ಇದೆ ಅಂತ ಸ್ಕೇಲಿಟ್ಟು ನೋಡಿ. ವಾಚು ಕೂರುವುದು ಅಲ್ಲೇ. ತುಂಬು ತೋಳಿನ ಅಂಗಿ ಹಾಕಿಕೊಂಡು ಹೋಗುತ್ತೇನೆ, ಕಾರಣ ಮುಂದೆ ಹೇಳುತ್ತೇನೆ. ಉಂಗುರ, ಬಳೆ, ಕಡಗ ಏನಿದ್ದರೂ ಮನೆಯಲ್ಲೇ ಬಿಟ್ಟುಬಿಡುವುದು ಒಳ್ಳೆಯದು. ಸೂಟುಬೂಟು ಹಾಕಿಕೊಂಡು ಹೋಗಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಕಾಗಿಲ್ಲ. ವಾರದ ದಿನ ಬೆಳಗ್ಗೆ, ಮೊದಲೇ ಫೋನ್ ಮಾಡಿ ಹೋದರೆ ಸಾಕು. ಜನ ಕಡಿಮೆ ಇರುವಾಗ ಎಷ್ಟು ಸಾದಾ ಬಟ್ಟೆಯಲ್ಲಿದ್ದರೂ ಸಮಾಧಾನವಾಗಿ ತೋರಿಸುತ್ತಾರೆ.

ಫೋನಿನಲ್ಲೇ ಇನ್ನೊಂದು ಮಾತು ಕೇಳಿಕೊಳ್ಳಿ: "ಈ ಮಾಡೆಲ್ ಈಗ ಅಂಗಡಿಯಲ್ಲಿ ಇದೆಯಾ, ಕೈಗೆ ಹಾಕಿ ನೋಡಬಹುದಾ?" ಬೇಡಿಕೆ ಜಾಸ್ತಿ ಇರುವ ಬ್ರ್ಯಾಂಡುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿರುವ ಎಷ್ಟೋ ವಾಚುಗಳು ಪ್ರದರ್ಶನಕ್ಕೆ ಮಾತ್ರ, ಮಾರಾಟಕ್ಕಲ್ಲ. ನನಗೆ ಅದರಿಂದ ತೊಂದರೆ ಇಲ್ಲ, ನೋಡಲಿಕ್ಕೆ ತಾನೇ ಹೋಗುವುದು. ಮಾರುವುದಿಲ್ಲ ಅಂತ ಗೊತ್ತಿದ್ದಾಗ ಇಬ್ಬರಿಗೂ ಆತುರ ಇರುವುದಿಲ್ಲ, ಮಾತು ಚೆನ್ನಾಗಿ ನಡೆಯುತ್ತದೆ.

ಈಗ ಅಂಕಿಗಳ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಕೇಳುವುದು ವ್ಯಾಸ. ಅದರಷ್ಟು ದಾರಿ ತಪ್ಪಿಸುವ ಅಂಕಿ ಇನ್ನೊಂದಿಲ್ಲ. ರೋಲೆಕ್ಸ್ ಸಬ್‌ಮರೀನರ್ 2020ರಲ್ಲಿ 40ರಿಂದ 41 ಮಿ.ಮೀ.ಗೆ ಹೋದಾಗ ದೊಡ್ಡದಾಯಿತು ಅಂತ ಎಷ್ಟೋ ಜನ ಗೊಣಗಿದರು. ಕೈಗೆ ಹಾಕಿ ನೋಡಿದರೆ ಹೊಸದೇ ತೆಳ್ಳಗೆ, ಮಟ್ಟಸವಾಗಿ ಕಾಣುತ್ತದೆ. ಯಾಕೆಂದರೆ ಹಳೆಯದರ ದಪ್ಪ ಲಗ್ಗುಗಳನ್ನು (ಪಟ್ಟಿ ಸಿಕ್ಕಿಸಲು ವಾಚಿನ ಕೇಸಿನಿಂದ, ಅಂದರೆ ಹೊರಕವಚದಿಂದ, ಚಾಚಿರುವ ಕೊಂಬುಗಳು) ಸಣ್ಣ ಮಾಡಿದ್ದಾರೆ, ಬ್ರೇಸ್‌ಲೆಟ್ಟನ್ನು, ಅಂದರೆ ಲೋಹದ ಪಟ್ಟಿಯನ್ನು, 20ರಿಂದ 21 ಮಿ.ಮೀ.ಗೆ ಅಗಲ ಮಾಡಿದ್ದಾರೆ, ಹಾಗಾಗಿ ಭುಜ ಎತ್ತಿದಂತಿದ್ದ ಹಳೆಯ ಚೌಕಟ್ಟು ಹೋಗಿದೆ. ಇದಕ್ಕೆ ಪೂರ್ತಿ ಉಲ್ಟಾ ಓಡೆಮಾ ಪಿಗೆ ರಾಯಲ್ ಓಕ್. 39 ಮಿ.ಮೀ. ಅಂತ ಓದಿ ಚಿಕ್ಕದು ಅಂದುಕೊಳ್ಳುತ್ತೇವೆ. ಆದರೆ ಅದರ ಬ್ರೇಸ್‌ಲೆಟ್ ಕೇಸಿನಿಂದಲೇ ಹೊರಟಂತೆ ಇದೆ, ಮೊದಲ ಕೊಂಡಿಗಳು ಅಷ್ಟು ಸುಲಭಕ್ಕೆ ಬಾಗುವುದಿಲ್ಲ, ಆದ್ದರಿಂದ ಸಣ್ಣ ಕೈ ಮೇಲೆ ಅಂಕಿಗಿಂತ ದೊಡ್ಡದಾಗಿಯೇ ಕೂರುತ್ತದೆ. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಗೆ ಎಷ್ಟು ಉದ್ದ ಅನ್ನುವುದೇ ನಾನು ನಂಬುವ ಅಂಕಿ. ಚಪ್ಪಟೆ ಜಾಗಕ್ಕಿಂತ ಅದು ಜಾಸ್ತಿ ಇದ್ದರೆ ತುದಿಗಳು ಕೈಯಾಚೆಗೆ ಚಾಚಿಕೊಳ್ಳುತ್ತವೆ, ಆಗ ಎಷ್ಟು ಒಳ್ಳೆಯ ವಾಚಾದರೂ ಬೇರೆಯವರದ್ದನ್ನು ಕೇಳಿ ಹಾಕಿಕೊಂಡ ಹಾಗೆ ಕಾಣುತ್ತದೆ.

ದಪ್ಪವೂ ಅಷ್ಟೇ. ಟ್ಯೂಡರ್ ಬ್ಲ್ಯಾಕ್ ಬೇ ಫಿಫ್ಟಿ-ಎಯ್ಟ್ 11.9 ಮಿ.ಮೀ. ಇದೆ, ಕೇಳಲಿಕ್ಕೆ ಏನೂ ಅಲ್ಲ. ಆದರೆ ಅದರ ಪಕ್ಕದ ಗೋಡೆಗಳು ನೇರವಾಗಿ ನಿಂತಿವೆ, ಆದ್ದರಿಂದ ಆ ದಪ್ಪ ಪೂರ್ತಿ ಕಣ್ಣಿಗೆ ಬೀಳುತ್ತದೆ. ಬೇರೆ ಕೆಲವದರಲ್ಲಿ ಅಷ್ಟೇ ದಪ್ಪ ಇದ್ದರೂ ಅರ್ಧ ಉಬ್ಬು ಗಾಜಿನಲ್ಲಿ, ಅರ್ಧ ಕೈಗೆ ಒತ್ತಿಕೊಳ್ಳುವ ಹಿಂಬದಿಯ ಮುಚ್ಚಳದಲ್ಲಿ ಹಂಚಿಹೋಗಿರುತ್ತದೆ, ಪಕ್ಕದಿಂದ ನೋಡಿದರೆ ತೆಳ್ಳಗೇ ಕಾಣುತ್ತದೆ. ತುಂಬು ತೋಳು ಬೇಕಾಗುವುದು ಇಲ್ಲಿ. ಗುಂಡಿ ಹಾಕಿದ ತೋಳು ವಾಚಿನ ಮೇಲೆ ಜಾರಿ ಹೋಗುತ್ತದಾ, ಬೆಜೆಲ್ಲಿಗೆ, ಅಂದರೆ ಗಾಜಿನ ಸುತ್ತಲಿನ ಉಂಗುರಕ್ಕೆ, ಸಿಕ್ಕಿಹಾಕಿಕೊಳ್ಳುತ್ತದಾ ಅಂತ ಅಲ್ಲೇ ನೋಡಿಬಿಡುತ್ತೇನೆ. ಕಾರ್ಟಿಯೇ ಟ್ಯಾಂಕ್ ಹಾಕಿದಾಗ ತೋಳಿನ ಕೆಳಗೆ ವಾಚಿದೆ ಅನ್ನುವುದೇ ಮರೆತುಹೋಗುತ್ತದೆ. 1917ರ ವಿನ್ಯಾಸ ಅದು. ದೊಡ್ಡ ಡೈವ್ ವಾಚುಗಳನ್ನು ಹಾಕಿ ತೆಗೆದ ಮೇಲೆ ಟ್ಯಾಂಕ್ ಹಾಕಿಕೊಂಡರೆ ನಾವೆಲ್ಲ ಯಾಕಾದರೂ ಇಷ್ಟು ದಪ್ಪದ್ದರ ಹಿಂದೆ ಬಿದ್ದಿದ್ದೇವೋ ಅನ್ನಿಸುತ್ತದೆ.

ವಾಚು ಕೈಗೆ ಬಂದ ಕೂಡಲೇ ಕನ್ನಡಿ ನೋಡಬೇಡಿ. ಮೊದಲು ಕೈ ಹಿಂದಕ್ಕೆ ಬಾಗಿಸಿ, ಬಾಗಿಲು ತಳ್ಳುವ ಹಾಗೆ. ಕ್ರೌನ್, ಅಂದರೆ ಪಕ್ಕದಲ್ಲಿರುವ ಕೀ ಕೊಡುವ ತಿರುಪು, ಕೈ ಹಿಂಬದಿಗೆ ಚುಚ್ಚಿದರೆ ಅಲ್ಲೇ ಗೊತ್ತಾಗುತ್ತದೆ. ಮೇಜಿನ ಮೇಲೆ ಕೈ ಇಟ್ಟು ಟೈಪ್ ಮಾಡುವ ಹಾಗೆ ಬೆರಳಾಡಿಸಿ. ಬ್ರೇಸ್‌ಲೆಟ್ಟಿನದ್ದಾದರೆ ಅಂಗಡಿಯ ಪೀಸಿನಲ್ಲಿ ಕೊಂಡಿಗಳೆಲ್ಲ ಪೂರ್ತಿ ಇರುತ್ತವೆ, ಸಡಿಲವಾಗಿ ಜಾರಿ ವಾಚಿನ ತಲೆ ಒಂದು ಕಡೆ ವಾಲುತ್ತದೆ. ಅದನ್ನು ನೋಡಿ "ತುಂಬಾ ಭಾರ" ಅಂತ ತೀರ್ಮಾನ ಮಾಡುವುದು ತಪ್ಪು. ಹೆಚ್ಚಾದ ಕೊಂಡಿಗಳನ್ನು ಮಣಿಕಟ್ಟಿನ ಕೆಳಗೆ ಬೆರಳಲ್ಲಿ ಒತ್ತಿ ಹಿಡಿದು ನೋಡಿ. ಕೆಲವು ಕಡೆ ಕ್ಲಿಪ್ ಹಾಕಿ ಬಿಗಿ ಮಾಡಿಕೊಡುತ್ತಾರೆ, ಕೇಳಿದರೆ. ಹತ್ತು ನಿಮಿಷ ಹಾಗೇ ಹಾಕಿಕೊಂಡು ಬೇರೆ ಮಾತಾಡಿ.

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬೂಟೀಕಿನ ದೀಪಗಳು ಇರುವುದೇ ವಾಚು ಹೊಳೆಯಲಿ ಅಂತ. ಮೇಲಿಂದ ಬೀಳುವ ಚೂಪು ಬೆಳಕಿನಲ್ಲಿ ಎಲ್ಲವೂ ಚೆಂದ. ನಡುವಿನಿಂದ ಕಿರಣಗಳಂತೆ ಗೆರೆ ಹೊರಟಿರುವ ಸನ್‌ಬರ್ಸ್ಟ್ ಡಯಲ್ ಅಲ್ಲಿ ಕಡುನೀಲಿ ಮಿಂಚುತ್ತದೆ, ಅದೇ ಡಯಲ್ ನೆರಳಿಗೆ ಬಂದರೆ ಹೆಚ್ಚುಕಡಿಮೆ ಕಪ್ಪು. ಅದಕ್ಕೇ ನಾನು ಯಾವಾಗಲೂ "ಕಿಟಕಿ ಹತ್ತಿರ ಹೋಗಿ ನೋಡಬಹುದಾ" ಅಂತ ಕೇಳುತ್ತೇನೆ. ಸೇಲ್ಸ್‌ನವರು ಜೊತೆಗೇ ಬರುತ್ತಾರೆ, ಬೇಡ ಅಂದವರು ಅಪರೂಪ. ಗ್ರ್ಯಾಂಡ್ ಸೀಕೋದವರ ಸ್ನೋಫ್ಲೇಕ್ ನನಗೆ ಅರ್ಥವಾಗಿದ್ದು ಕಿಟಕಿ ಪಕ್ಕದಲ್ಲೇ. ಫೋಟೋದಲ್ಲಿ ಅದು ಬರೀ ಬಿಳಿ ಡಯಲ್. ದೀಪದ ಕೆಳಗೂ ಬಿಳಿಯೇ. ಹಗಲು ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗಾಳಿ ಬೀಸಿದ ಹಿಮದ ಮೇಲೆ ಏಳುವಂಥ ಸಣ್ಣ ಸಣ್ಣ ಗೆರೆಗಳು ಎದ್ದು ಬಂದವು, ಕೈ ಒಂಚೂರು ತಿರುಗಿಸಿದರೆ ಮಾಯ, ಮತ್ತೆ ತಿರುಗಿಸಿದರೆ ಹಾಜರ್. ಅದರ ಮೇಲೆ ನೀಲಿ ಸೆಕೆಂಡಿನ ಮುಳ್ಳು ಜಾರಿಕೊಂಡು ಹೋಗುತ್ತಿರುತ್ತದೆ. ಟಿಕ್ ಇಲ್ಲ, ನಡುಕ ಇಲ್ಲ. ಸಾಮಾನ್ಯ ಮೆಕ್ಯಾನಿಕಲ್ ವಾಚಿನಲ್ಲಿ ಮುಳ್ಳು ಸೆಕೆಂಡಿಗೆ ಆರು ಇಲ್ಲವೇ ಎಂಟು ಸಣ್ಣ ಹೆಜ್ಜೆ ಇಡುತ್ತದೆ. ಸ್ನೋಫ್ಲೇಕ್ ಒಳಗಿರುವ ಸ್ಪ್ರಿಂಗ್ ಡ್ರೈವ್ ಮೂವ್‌ಮೆಂಟಿನಲ್ಲಿ ಶಕ್ತಿ ಬರುವುದು ಸ್ಪ್ರಿಂಗಿನಿಂದಲೇ, ಆದರೆ ತಡೆತಡೆದು ಬಿಡುವ ಎಸ್ಕೇಪ್‌ಮೆಂಟ್ ಇಲ್ಲ. ಸೆಕೆಂಡಿಗೆ ಎಂಟು ಸುತ್ತು ತಿರುಗುವ ಒಂದು ಚಕ್ರಕ್ಕೆ ಕ್ವಾರ್ಟ್ಜ್ ಹರಳಿನ ಕಂಪನ ನೋಡಿಕೊಂಡು ವಿದ್ಯುತ್ಕಾಂತದ ಬ್ರೇಕ್ ಹಾಕುತ್ತಾರೆ. ಬ್ಯಾಟರಿ ವಾಚಿನ ಹಾಗೆ ಕ್ವಾರ್ಟ್ಜ್ ಇದ್ದಮೇಲೆ ಅದು ಮೆಕ್ಯಾನಿಕಲ್ಲೇ ಅಲ್ಲ ಅಂತ ಜಗಳ ಆಡುವವರಿದ್ದಾರೆ. ಆಡಲಿ. ಆ ಮುಳ್ಳನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಆ ಜಗಳದಲ್ಲಿ ಆಸಕ್ತಿ ಹೋಯಿತು.

ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್ಲನ್ನು ಎರಡು ಗಾಜಿನಲ್ಲೂ ಅಕ್ಕಪಕ್ಕ ಇಟ್ಟು ನೋಡಿ, ಸಾಧ್ಯವಾದರೆ. ಒಂದು ಹೆಸಲೈಟ್, ಅಂದರೆ ಅಕ್ರಿಲಿಕ್. ಇನ್ನೊಂದು ಸಫೈರ್. ಸಫೈರ್‌ಗೆ ಗೀರು ಬೀಳುವುದು ಕಷ್ಟ, ಹಿಂಬದಿಯಲ್ಲೂ ಗಾಜಿರುವುದರಿಂದ ಮೂವ್‌ಮೆಂಟ್ ಕಾಣುತ್ತದೆ, ಲೆಕ್ಕ ಹಾಕಿದರೆ ಅದೇ ವಾಸಿ. ಆದರೆ ಓರೆಯಿಂದ ನೋಡಿದಾಗ ಸಫೈರ್ ಗಾಜಿನ ಅಂಚಿನಲ್ಲಿ ಡಯಲ್ ಸುತ್ತ ಹಾಲಿನ ಬಣ್ಣದ ಒಂದು ಉಂಗುರ ಕಾಣುತ್ತದೆ. ಹೆಸಲೈಟ್‌ನಲ್ಲಿ ಅದಿಲ್ಲ, ಡಯಲ್ ಮೆತ್ತಗೆ, ಬೆಚ್ಚಗೆ ಕಾಣುತ್ತದೆ. ಅದರ ಗಾಜಿನ ನಟ್ಟನಡುವೆ ಒಮೆಗಾದ ಗುರುತು ಎಷ್ಟು ಚಿಕ್ಕದಾಗಿ ಕೆತ್ತಿದ್ದಾರೆ ಅಂದರೆ ಭೂತಗನ್ನಡಿ ಹಿಡಿದರೂ ಬೆಳಕು ಸರಿಯಾಗಿ ಬೀಳುವವರೆಗೆ ಸಿಗುವುದಿಲ್ಲ. ಭೂತಗನ್ನಡಿ ಎಲ್ಲ ಬೂಟೀಕಿನಲ್ಲೂ ಇರುತ್ತದೆ, ಕೇಳಲು ಸಂಕೋಚ ಬೇಡ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದು ಸಾಕು. ಮುಳ್ಳಿನ ಅಂಚು, ಅಂಕಿಗಳು ಡಯಲ್ಲಿಗೆ ಕೂತಿರುವ ರೀತಿ, ಅಕ್ಷರ ಅಚ್ಚಾದ ಬಗೆ, ಇಷ್ಟು ನೋಡಿದರೆ ದುಡ್ಡು ಎಲ್ಲಿ ಹೋಗಿದೆ ಅಂತ ಗೊತ್ತಾಗುತ್ತದೆ.

ಹಿಂಬದಿ ಗಾಜಿನ ಮೂಲಕ ನೋಡುವಾಗ ಹೊಳಪಿಗೆ ಮರುಳಾಗಬೇಡಿ. ಪಟ್ಟೆ ಪಟ್ಟೆ ಗೆರೆಗಳನ್ನು ಯಂತ್ರವೂ ಎಳೆಯುತ್ತದೆ. ಬ್ರಿಡ್ಜುಗಳ, ಅಂದರೆ ಚಕ್ರಗಳನ್ನು ಹಿಡಿದಿಡುವ ಲೋಹದ ತಗಡುಗಳ, ಅಂಚನ್ನು ಓರೆಯಾಗಿ ಉಜ್ಜಿ ಪಾಲಿಶ್ ಮಾಡಿರುತ್ತಾರಲ್ಲ, ಆ ಎರಡು ಅಂಚು ಒಳಮುಖವಾಗಿ ಕೂಡುವ ಮೂಲೆ ನೋಡಿ. ಅದು ಚೂಪಾಗಿ, ಒಂದೇ ಗೆರೆಯಾಗಿ ಕೂಡಿದ್ದರೆ ಯಾರೋ ಕೂತು ಕೈಯಲ್ಲಿ ಮಾಡಿದ್ದಾರೆ. ದುಂಡಗಿದ್ದರೆ ಉಪಕರಣ ತಿರುಗಿದ ಗುರುತು. ಎ. ಲಾಂಗೆ ಉಂಡ್ ಝ್ಯೋನೆ ವಾಚುಗಳಲ್ಲಿ ಬ್ಯಾಲೆನ್ಸ್ ಚಕ್ರವನ್ನು (ಅತ್ತಿತ್ತ ಆಡುತ್ತ ಲಯ ಕೊಡುವ ಚಕ್ರ) ಹಿಡಿದಿಡುವ ಕಾಕ್ ಅನ್ನುವ ತುಂಡಿನ ಮೇಲೆ ಹೂಬಳ್ಳಿಯನ್ನು ಕೈಯಲ್ಲೇ ಕೊರೆಯುತ್ತಾರೆ, ಆದ್ದರಿಂದ ಎರಡು ವಾಚು ಪಕ್ಕದಲ್ಲಿಟ್ಟರೆ ಎಲೆಗಳು ಒಂದೇ ಥರ ಇರುವುದಿಲ್ಲ.

ಇನ್ನು ಕಿವಿ ಮತ್ತು ಬೆರಳಿನ ಕೆಲಸ. ಕೇಳದೆ ಕ್ರೌನ್ ಮುಟ್ಟಬೇಡಿ. ಕೇಳಿದರೆ ಸಾಮಾನ್ಯವಾಗಿ ಹೂಂ ಅನ್ನುತ್ತಾರೆ. ಕೀ ಕೊಡುವ ವಾಚಾದರೆ ನಿಧಾನಕ್ಕೆ ತಿರುಗಿಸಿ, ಹಲ್ಲು ಹಲ್ಲಿನ ಸದ್ದು ಬೆರಳಿಗೆ ತಾಗುತ್ತದೆ. ಒಂದೊಂದು ಬ್ರ್ಯಾಂಡಿನದ್ದು ಒಂದೊಂದು ಥರ, ಕೆಲವು ಗಟ್ಟಿ, ಕೆಲವು ಬೆಣ್ಣೆ. ದಿನಾ ಬೆಳಗ್ಗೆ ಮಾಡಬೇಕಾದ ಕೆಲಸ ಇದು, ಇಷ್ಟವಾಗದಿದ್ದರೆ ಆ ವಾಚು ಬೇಡ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗಿನ ಸ್ಥಾನದಲ್ಲಿ ಮುಳ್ಳುಗಳಿದ್ದರೆ ತಾರೀಖು ಬದಲಿಸಲು ಹೋಗಬೇಡಿ, ಎಷ್ಟೋ ಮೂವ್‌ಮೆಂಟುಗಳಲ್ಲಿ ಆಗ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಇರುವ ವಾಚು, ಆದರೆ ಗುಂಡಿ ಒತ್ತಿ ನೋಡಲೇಬೇಕು. ಒಳಗೆ 7750 ಅನ್ನುವ ಕ್ರೋನೋಗ್ರಾಫ್ ಮೂವ್‌ಮೆಂಟ್ ಇರುವ ವಾಚಾದರೆ ಕೈ ಅಲ್ಲಾಡಿಸಿ: ಅದರ ರೋಟರ್ (ಕೈ ಆಡಿದಂತೆ ತಿರುಗುವ ತೂಕದ ತುಂಡು) ಒಂದೇ ದಿಕ್ಕಿನಲ್ಲಿ ಸ್ಪ್ರಿಂಗ್ ಬಿಗಿ ಮಾಡುತ್ತದೆ, ಇನ್ನೊಂದು ದಿಕ್ಕಿನಲ್ಲಿ ಗಿರ್ರನೆ ಸುಮ್ನೆ ಸುತ್ತುತ್ತದೆ, ಮಣಿಕಟ್ಟು ತೂಗಾಡಿದ ಹಾಗಾಗುತ್ತದೆ. ಕೆಲವರಿಗೆ ಅದು ತುಂಬಾ ಇಷ್ಟ. ನನಗೆ ಕಿರಿಕಿರಿ. ಯಾವ ಅಂಕಿಪಟ್ಟಿಯಲ್ಲೂ ಈ ವಿಷಯ ಇರುವುದಿಲ್ಲ ನೋಡಿ. ಇಷ್ಟದ ಲೆಕ್ಕಕ್ಕೆ ಜೇಗರ್-ಲಿಕುಲ್ತ್ರ್ ರಿವರ್ಸೋ ಬರುತ್ತದೆ. ಪೋಲೋ ಆಡುವಾಗ ಗಾಜು ಒಡೆಯದಿರಲಿ ಅಂತ 1931ರಲ್ಲಿ ತಂದ, ಮಗುಚಿ ಹಾಕಬಹುದಾದ ಕೇಸು. ಕೇಸು ಜಾರಿಸಿ, ತಿರುಗಿಸಿ, ಮತ್ತೆ ಕೂರಿಸಿದಾಗ ಕೊನೆಯಲ್ಲಿ ಬರುವ ಟಕ್ ಅನ್ನುವ ಸದ್ದು ಕೇಳಿ, ಮತ್ತೊಂದು ಸಲ ಮಾಡದೆ ಇರಲು ಆಗುವುದಿಲ್ಲ.

ಅಂಗಡಿಯಲ್ಲಿ ತಿಳಿಯದೇ ಇರುವುದು ನಿಖರತೆ. ಸ್ವಿಸ್ ಪರೀಕ್ಷಾ ಸಂಸ್ಥೆ ಸಿಒಎಸ್‌ಸಿ ಕೊಡುವ ಪ್ರಮಾಣಪತ್ರ ಅಂದರೆ ಮೂವ್‌ಮೆಂಟ್ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆಯಿಂದ 6 ಸೆಕೆಂಡ್ ಮುಂದೆವರೆಗೆ ಇರಬಹುದು. ಒಮೆಗಾದ ಮಾಸ್ಟರ್ ಕ್ರೋನೋಮೀಟರ್ ಅನ್ನುವ ಪ್ರಮಾಣಪತ್ರಕ್ಕೆ 0ಯಿಂದ 5 ಸೆಕೆಂಡ್ ಮುಂದೆ. ಇದು ಕಾಗದ ನೋಡಿ ನಂಬಬೇಕಾದ ವಿಷಯ, ಅಲ್ಲಿ ನಿಂತು ಕೇಳಿ ಪ್ರಯೋಜನ ಇಲ್ಲ. ಸರ್ವೀಸ್ ಎಲ್ಲಿ ಮಾಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಖರ್ಚು ಅಂತ ಕೇಳಿ. ಸ್ಪೀಡ್‌ಮಾಸ್ಟರ್ ಚಂದ್ರನ ಮೇಲೆ ಹೋದ ಕಥೆಯನ್ನು ಖುಷಿಯಿಂದ ಹೇಳುವವರು ಈ ಪ್ರಶ್ನೆಗೆ ಏನು ಹೇಳುತ್ತಾರೆ ಅನ್ನುವುದರಲ್ಲೇ ಅಂಗಡಿ ಎಂಥದ್ದು ಅಂತ ತಿಳಿಯುತ್ತದೆ.

ಫೋಟೋ ತೆಗೆಯುವುದಾದರೆ ಫೋನ್ ಹತ್ತಿರ ಹಿಡಿಯಬೇಡಿ. ಅಷ್ಟು ಹತ್ತಿರದಿಂದ ತೆಗೆದರೆ ಲೆನ್ಸಿಗೆ ಹತ್ತಿರ ಇರುವ ವಾಚು ತಟ್ಟೆಯಷ್ಟಾಗುತ್ತದೆ, ಹಿಂದಿನ ಕೈ ಕಡ್ಡಿಯಾಗುತ್ತದೆ. ಸ್ವಲ್ಪ ದೂರದಿಂದ ಜೂಮ್ ಮಾಡಿ. ಇಲ್ಲವೇ ಆಳೆತ್ತರದ ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತು ತೆಗೆಸಿಕೊಳ್ಳಿ, ಬೇರೆಯವರಿಗೆ ಕಾಣುವುದು ಹಾಗೆಯೇ. ತೆಗೆದ ಕೂಡಲೇ ಅನ್ನಿಸಿದ್ದನ್ನು ಎರಡು ಸಾಲು ಬರೆದಿಡಿ, ಏಕೆಂದರೆ ಮನೆಗೆ ಬಂದು ಮತ್ತೆ ಕಂಪನಿಯ ಚಿತ್ರಗಳನ್ನು ನೋಡಿದರೆ ಕೈ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ.

ನನ್ನ ಪಟ್ಟಿ ಈಗ ಹೀಗಿದೆ: ಸ್ಪೀಡ್‌ಮಾಸ್ಟರ್ ಹೆಸಲೈಟ್ ಮೇಲೆ, ಸ್ನೋಫ್ಲೇಕ್ ಅದರ ಪಕ್ಕದಲ್ಲೇ. ರಾಯಲ್ ಓಕ್ ಕೈಗೆ ಹೊಂದಲಿಲ್ಲ, ಬಿಟ್ಟೆ. 7750 ಇರುವ ಕ್ರೋನೋಗ್ರಾಫುಗಳನ್ನೂ ಹೊಡೆದುಹಾಕಿದೆ. ರಿವರ್ಸೋ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ, ಟಕ್ ಅನ್ನುವ ಸದ್ದಿಗೋಸ್ಕರ ಅಷ್ಟು ದುಡ್ಡು ಕೊಡಬೇಕಾ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ.